ಗುಲ್ಮಾರ್ಗ್‌ನಲ್ಲಿ ಒಂದು ಚಳಿಗಾಲ: ಸ್ಕೀಯಿಂಗ್ ಸುಧಾರಿಸಿಕೊಳ್ಳಲು ರಜೆ ಹಾಕುವವರಿಗೆ

ಮೊದಲು ತಾರೀಕಿನ ವಿಚಾರ. ರಜೆ ಸಿಕ್ಕಿತೆಂದು ಡಿಸೆಂಬರ್ ಮಧ್ಯಕ್ಕೇ ಗುಲ್ಮಾರ್ಗ್ ಸೇರಿದರೆ ಒಣಹುಲ್ಲಿನ ಮೇಲೆ ಅಡ್ಡಾಡಿಕೊಂಡು ಕೂರಬೇಕಾದೀತು. ಕಾಶ್ಮೀರಿಗಳು ಚಿಲ್ಲೈ ಕಲಾನ್ ಎನ್ನುವ 40 ದಿನಗಳ ಕಡುಚಳಿ ಶುರುವಾಗುವುದು ಡಿಸೆಂಬರ್ 21ಕ್ಕೆ. ಚಳಿ ಬಂದ ಮಾತ್ರಕ್ಕೆ ಹಿಮ ಬೀಳಬೇಕೆಂದೇನಿಲ್ಲ. 2024ರ ಜನವರಿ ಬಹುಪಾಲು ಬೋಳಾಗಿಯೇ ಕಳೆಯಿತು. ಜನವರಿ 10ರಿಂದ ಮಾರ್ಚ್ 15ರ ಸುಮಾರಿನ ಒಂಬತ್ತು ವಾರ ಇಟ್ಟುಕೊಳ್ಳಿ, ವಾಪಸ್ ಟಿಕೆಟ್ ಬದಲಾಯಿಸಬಹುದಾದದ್ದೇ ಇರಲಿ. ಬಿರುಗಾಳಿ, ಮುಚ್ಚಿದ ಗೊಂಡೋಲಾ (ಬೆಟ್ಟಕ್ಕೆ ಒಯ್ಯುವ ಕೇಬಲ್ ಕಾರ್), ನೆಗಡಿ, ಮೈಕೈ ನೋವು ಎಲ್ಲ ಕಳೆದು 40 ದಿನ ಸ್ಕೀ ಕಟ್ಟಿಕೊಂಡರೆ ಒಳ್ಳೆಯ ಗಳಿಕೆ.

ಇಲ್ಲಿನ ಬೆಟ್ಟಕ್ಕೊಂದು ಕೊರತೆ ಇದೆ, ಅದನ್ನು ತಿಳಿದೇ ಹೊರಡಬೇಕು. ಕೆಳಗೆ 2,650 ಮೀಟರ್ ಎತ್ತರದ ಹುಲ್ಲುಗಾವಲಿನಲ್ಲಿ ಹೊಸಬರ ಇಳಿಜಾರುಗಳಿವೆ. ಗೊಂಡೋಲಾದ ಮೊದಲ ಹಂತ 3,000 ಮೀಟರ್ ದಾಟಿದ ಕೊಂಗ್‌ಡೂರಿಗೆ ಒಯ್ಯುತ್ತದೆ, ಎರಡನೆಯದು ಅಫರ್ವತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರಿಗೆ. ಯಂತ್ರದಿಂದ ಹದ ಮಾಡಿದ ಮಧ್ಯಮ ದರ್ಜೆಯ ಇಳಿಜಾರು ಇವೆರಡರ ನಡುವೆ ತೀರಾ ಕಡಿಮೆ. ಹಾಗಾಗಿ ಎರಡು ವಾರ ಕಲಿತವರು ನೇರ ಎರಡನೇ ಹಂತಕ್ಕೆ ಹೋಗುತ್ತಾರೆ. ಸೊಂಟದಷ್ಟು ಪುಡಿಹಿಮ ಕಂಡೊಡನೆ ಹೆದರಿ ಹಿಂದಕ್ಕೆ ವಾಲುತ್ತಾರೆ. ವಾಲಿದರೆ ಸ್ಕೀಯ ಮೂತಿ ಹಗುರಾಗಿ ತಿರುಗುವುದಿಲ್ಲ, ತೊಡೆ ಹತ್ತು ನಿಮಿಷಕ್ಕೆ ಉರಿಯುತ್ತದೆ. ಆಳದ ಹಿಮದಲ್ಲಿ ಹಿಂದಕ್ಕೆ ಕೂರಬೇಕು ಎಂಬ ಹಳೆಯ ಉಪದೇಶ ಇಂದಿನ ಅಗಲ ಸ್ಕೀಗಳಿಗೆ ಹೊಂದುವುದೇ ಇಲ್ಲ. ಈ ವಾಲುವ ಚಾಳಿ ಒಮ್ಮೆ ಅಂಟಿದರೆ ಮುಂದಿನ ಸೀಸನ್ ಅದನ್ನು ಬಿಡಿಸುವುದಕ್ಕೇ ಹೋಗುತ್ತದೆ.

ಆದ್ದರಿಂದ ಮೊದಲ ನಾಲ್ಕು ವಾರ ಕೆಳಗೇ ಇರಿ. ಹೊಸಬರಾದರೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿ ಇಲ್ಲೇ ಇರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯ ಕೋರ್ಸಿಗೆ ಮೊದಲೇ ಅರ್ಜಿ ಹಾಕಿ. ಆಮೇಲೆ ದಿನಾ ಖಾಸಗಿ ತರಬೇತುದಾರರನ್ನು ಇಟ್ಟುಕೊಳ್ಳುವುದು ದುಡ್ಡು ದಂಡ. ವಾರಕ್ಕೆ ಎರಡು ಗಂಟೆ ಸಾಕು. ಅವರು ಹಿಡಿದ ಒಂದೇ ಒಂದು ತಪ್ಪನ್ನು ಉಳಿದ ದಿನ ತಿದ್ದಿಕೊಳ್ಳಿ. ಇಳಿಜಾರಿನ ಬುಡದಿಂದ ಯಾರಾದರೂ ಫೋನಿನಲ್ಲಿ ನಿಮ್ಮ ಆರು ತಿರುವು ಚಿತ್ರೀಕರಿಸಲಿ. ತಾವು ಬಗ್ಗಿದ್ದೇವೆ ಅಂದುಕೊಂಡವರು ವಿಡಿಯೊದಲ್ಲಿ ಕಂಬದ ಹಾಗೆ ನಿಂತಿರುತ್ತಾರೆ.

ಅಭ್ಯಾಸಗಳಲ್ಲಿ ಬೇಸರದ್ದೇ ಹೆಚ್ಚು ಫಲ ಕೊಡುತ್ತದೆ. ಬೆಳಿಗ್ಗೆ ಹಿಮ ಗಟ್ಟಿಯಾಗಿರುವಾಗ ಇಳಿಜಾರಿಗೆ ಅಡ್ಡ ನಿಂತು ಸ್ಕೀಯ ಲೋಹದ ಅಂಚು ಸಡಿಲಿಸಿ ನೇರ ಕೆಳಕ್ಕೆ ಜಾರಿ, ಅಂಚು ಕಚ್ಚಿಸಿ ನಿಲ್ಲಿ. ಹೀಗೆ ಎಡಕ್ಕೆ ಮುಖ ಮಾಡಿ ಇಪ್ಪತ್ತು ಸಲ, ಬಲಕ್ಕೆ ಮುಖ ಮಾಡಿ ಇಪ್ಪತ್ತು ಸಲ. ಜಾರುವಾಗ ಮುಂದಕ್ಕೋ ಹಿಂದಕ್ಕೋ ಹರಿದರೆ ಮೈಭಾರ ಪಾದದ ನಡುವೆ ಇಲ್ಲ ಎಂದರ್ಥ. ಆಮೇಲೆ ತಿರುವಿನಲ್ಲಿ ಒಳಗಿನ ಸ್ಕೀಯ ಹಿಂಭಾಗ ಎತ್ತಿ, ಮೂತಿ ಮಾತ್ರ ಹಿಮಕ್ಕೆ ತಾಗಿಸಿ. ಹಿಂದೆ ವಾಲಿದವರಿಗೆ ಇದು ಆಗುವುದೇ ಇಲ್ಲ, ಅದೇ ಇದರ ಉಪಯೋಗ. ಎರಡೂ ಕಡೆ ತಡವರಿಸದೆ ಬರುವ ತನಕ ಮೇಲಿನ ಹಂತದ ಟಿಕೆಟ್ ಬೇಡ. ದಿನಕ್ಕೆ ನಾಲ್ಕು ಗಂಟೆ ಸಾಕು. ‘ಇದೊಂದು ಕೊನೇದು’ ಎಂದು ಸುಸ್ತಾದ ಕಾಲಲ್ಲಿ ಇಳಿಯುವಾಗಲೇ ಮೊಣಕಾಲಿನ ಲಿಗಮೆಂಟ್ ಹರಿಯುವುದು.

ಸಾಮಾನಿನಲ್ಲಿ ಸ್ವಂತಕ್ಕೆ ಕೊಳ್ಳಲೇಬೇಕಾದ್ದು ಬೂಟು. ಸ್ಕೀ ಬಾಡಿಗೆಗೆ ಸಿಗುತ್ತದೆ. ಬೂಟಿನ ಅಳತೆ ಪಾದದ ಉದ್ದ, ಸೆಂಟಿಮೀಟರಿನಲ್ಲಿ. ಅಂಗಡಿಯಲ್ಲಿ ಒಳಗಿನ ಮೆತ್ತನೆಯ ಲೈನರ್ ತೆಗೆಸಿ, ಬರಿಯ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕಾಲಿಟ್ಟು ಬೆರಳು ಮುಂದಕ್ಕೆ ತಾಗಿಸಿ. ಹಿಮ್ಮಡಿಯ ಹಿಂದೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಜಾಗ ಉಳಿಯಬೇಕು. ಮೂರು ಉಳಿದರೆ ಆ ಬೂಟು ದೊಡ್ಡದು, ಎಷ್ಟೇ ಹಾಯೆನಿಸಲಿ. ನಮ್ಮವರು ಎರಡು ಜೊತೆ ಉಣ್ಣೆ ಕಾಲುಚೀಲಕ್ಕೆಂದು ಒಂದು ಸೈಜ್ ಹೆಚ್ಚು ಕೊಳ್ಳುತ್ತಾರೆ. ಹಿಮ್ಮಡಿ ಏಳುತ್ತದೆ, ಏಳದಿರಲೆಂದು ಬಕಲ್ ಬಿಗಿಯುತ್ತಾರೆ, ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ತೆಳುವಾದ ಒಂದೇ ಜೊತೆ ಸಾಕು. ಹಾಕಿಕೊಂಡ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಮೊಣಕಾಲು ಮುಂದೆ ಬಾಗಿಸಿ, ಮೇಲಿನ ಬಕಲ್‌ಗಳನ್ನು ಮೊದಲು ಹಾಕಿ. ಬೆರಳಿನ ಮೇಲಿನದು ಸುಮ್ಮನೆ ಸಿಕ್ಕಿಕೊಂಡಿದ್ದರೆ ಆಯಿತು. ಸಂಜೆ ಲೈನರ್ ಹೊರಗೆಳೆದು ಕೋಣೆ ಬೆಚ್ಚಗಿಡುವ ಬುಖಾರಿ ಒಲೆಯಿಂದ ಎರಡಡಿ ದೂರದಲ್ಲಿಡಿ. ಒಲೆಗೆ ಅಂಟಿಸಿಟ್ಟ ಲೈನರ್ ಆಕಾರಗೆಟ್ಟು ಹೋಗುತ್ತದೆ.

ಬಾಡಿಗೆ ಸ್ಕೀ ಹಿಡಿದಾಗ ಅಂಚಿನ ಮೇಲೆ ಉಗುರು ಎಳೆದು ನೋಡಿ, ಉಗುರಿನ ಪುಡಿ ಏಳಬೇಕು. ಬಿದ್ದಾಗ ಕಾಲು ಬಿಡಿಸುವ ಬೈಂಡಿಂಗ್ ಎಷ್ಟು ಬಲಕ್ಕೆ ಬಿಡಬೇಕೆಂದು ಹೇಳುವ ಡಿನ್ ಸಂಖ್ಯೆಯನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಪರಿಣತಿ ಕೇಳಿಯೇ ಇಡಬೇಕು. ಏನನ್ನೂ ಕೇಳದೆ ತಿರುಪು ತಿರುಗಿಸುವ ಅಂಗಡಿಯಿಂದ ಎದ್ದು ಬನ್ನಿ. ಮೊದಲ ತಿಂಗಳು ನಡುಭಾಗದಲ್ಲಿ 85 ಮಿಲಿಮೀಟರ್ ಆಸುಪಾಸು ಅಗಲದ ಸ್ಕೀ, ಪುಡಿಹಿಮಕ್ಕೆ ಹೋಗುವಾಗ 105 ಅಥವಾ ಹೆಚ್ಚು.

ಮೇಲಿನ ಹಂತದಲ್ಲಿ ಗೊಂಡೋಲಾ ಸಾಲಿನ ಪಕ್ಕದ ಬಟ್ಟಲಿನಾಕಾರದ ಇಳಿಜಾರನ್ನು ಮಾತ್ರ ಸ್ಕೀ ಪ್ಯಾಟ್ರೋಲ್ ಎಂಬ ಕಾವಲು ತಂಡ ನೋಡಿಕೊಳ್ಳುತ್ತದೆ. ಅದರಾಚೆಗೆ ಹಿಮಕುಸಿತ ತಡೆಯುವವರು ಯಾರೂ ಇಲ್ಲ. 2023ರ ಫೆಬ್ರವರಿಯಲ್ಲಿ ಪೋಲೆಂಡ್‌ನ ಇಬ್ಬರು, ಮರುವರ್ಷ ಅದೇ ತಿಂಗಳಲ್ಲಿ ರಷ್ಯಾದ ಒಬ್ಬರು ಈ ಬೆಟ್ಟದಲ್ಲೇ ಹಿಮದಡಿ ಸತ್ತರು. ಹೂತವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಟ್ರಾನ್ಸೀವರ್, ಲೋಹದ ಸಲಿಕೆ, ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕಡ್ಡಿಯಾದ ಪ್ರೋಬ್ ಮೂರೂ ಪ್ರತಿಯೊಬ್ಬರ ಮೈಮೇಲಿರಬೇಕು. ಒಬ್ಬರಲ್ಲಿದ್ದು ಇನ್ನೊಬ್ಬರಲ್ಲಿ ಇಲ್ಲದಿದ್ದರೆ ಇಬ್ಬರಲ್ಲೂ ಇಲ್ಲದಂತೆ. ಹೂತವರನ್ನು 15 ನಿಮಿಷದೊಳಗೆ ಅಗೆದು ತೆಗೆಯದಿದ್ದರೆ ಬದುಕುವ ಸಾಧ್ಯತೆ ಸರ್ರನೆ ಇಳಿಯುತ್ತದೆ, ಪೇಟೆಯಿಂದ ಸಹಾಯ ಬರುವ ಹೊತ್ತು ಅದಲ್ಲ. ಫೋನನ್ನು ಟ್ರಾನ್ಸೀವರ್‌ನಿಂದ ಕನಿಷ್ಠ 20 ಸೆಂಟಿಮೀಟರ್ ದೂರ, ಹುಡುಕುವಾಗ 50 ಸೆಂಟಿಮೀಟರ್ ದೂರ ಇಡಿ. 30ರಿಂದ 45 ಡಿಗ್ರಿಯ ಇಳಿಜಾರೇ ಹೆಚ್ಚಾಗಿ ಕುಸಿಯುವುದು. ಸ್ಕೀ ಮಾಡಲು ಆಸೆ ಹುಟ್ಟಿಸುವುದೂ ಅದೇ. ಹೊಸ ಹಿಮ ಬಿದ್ದ ಮೊದಲ ದಿನ, ಅದರಲ್ಲೂ ಗಾಳಿ ಬೀಸಿದ್ದರೆ, ಆಸೆ ತಡೆದುಕೊಳ್ಳಿ. ಕಾಡಿನಲ್ಲಿ ಇಳಿಯುವಾಗ ಕೋಲಿನ ಪಟ್ಟಿಯಿಂದ ಕೈ ಹೊರಗಿರಲಿ. ಕೋಲು ಕೊಂಬೆಗೆ ಸಿಕ್ಕರೆ ಭುಜ ಕಳಚುತ್ತದೆ.

ಉಳಿದದ್ದು ಚಿಲ್ಲರೆ ಸಂಗತಿ, ಆದರೆ ಕೈಕೊಡುವುದು ಅದೇ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ, ಬೆಂಗಳೂರಲ್ಲೇ ಪೋಸ್ಟ್‌ಪೇಯ್ಡ್ ಮಾಡಿಸಿಕೊಂಡು ಹೊರಡಿ. ಕಂಪನಿಯ ಆರೋಗ್ಯ ವಿಮೆ ಸಂಬಳವಿಲ್ಲದ ರಜೆಯಲ್ಲೂ ಇರುತ್ತದೆಯೇ, ಸಾಹಸ ಕ್ರೀಡೆಗೆ ಅನ್ವಯಿಸುತ್ತದೆಯೇ ಎಂಬುದನ್ನು ಈಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಬೆಲೆಯಿಲ್ಲ. ಗುಲ್ಮಾರ್ಗ್‌ನ ಕೋಣೆ ದುಬಾರಿಯೆನಿಸಿದರೆ 13 ಕಿಲೋಮೀಟರ್ ಕೆಳಗಿನ ಟಂಗ್‌ಮರ್ಗ್‌ನಲ್ಲಿ ತಿಂಗಳ ಲೆಕ್ಕಕ್ಕೆ ಕೇಳಿ ನೋಡಿ. ಆದರೆ ಹಿಮ ಬಿದ್ದ ಬೆಳಿಗ್ಗೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಗೆ ಕಾಯುತ್ತಾ ನಿಂತಿರುತ್ತೀರಿ, ಮೇಲಿರುವವರು ಆಗಲೇ ಇಳಿಯುತ್ತಿರುತ್ತಾರೆ. ಬಂದ ಮೊದಲೆರಡು ದಿನ ಎತ್ತರಕ್ಕೆ ಒಗ್ಗಿಕೊಳ್ಳಲು ಬಿಡಿ.

ಮಾರ್ಚ್‌ನಲ್ಲಿ ರಾತ್ರಿ ಹೆಪ್ಪುಗಟ್ಟಿದ ಹಿಮ ಬಿಸಿಲಿಗೆ ಮೇಲ್ಪದರವಷ್ಟೇ ಕರಗುವ ಎರಡು ಗಂಟೆ ಇರುತ್ತದೆ, ಸಾಮಾನ್ಯವಾಗಿ ಬೆಳಗಿನ ಹತ್ತರ ಆಸುಪಾಸು. ಇಡೀ ಸೀಸನ್‌ನಲ್ಲಿ ತಿರುವುಗಳನ್ನು ತಿದ್ದಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆಮೇಲೆ ಅದು ಅಂಬಲಿಯಾಗುತ್ತದೆ, ಇಳಿದು ಚಹಾ ಕುಡಿಯಿರಿ. ಸ್ಕೀ ಕೊಂಡಿದ್ದರೆ ಊರಿಗೆ ಕಟ್ಟುವ ಮುಂಚೆ ಅಂಚು ಒರೆಸಿ, ಅಂಚೂ ಮುಚ್ಚುವಂತೆ ದಪ್ಪಗೆ ಮೇಣ ಹಚ್ಚಿ, ಕೆರೆಯದೆ ಹಾಗೇ ಬಿಡಿ. ಮಂಗಳೂರು, ಉಡುಪಿ ಕಡೆಯ ಮನೆಯಾದರೆ ಜೂನ್ ಮಳೆಗೆ ಬರಿಯ ಅಂಚು ಒಂದೇ ವಾರದಲ್ಲಿ ಕೆಂಪಾಗುತ್ತದೆ.