ಟರ್ಬೊ ಕಾರಿನ ಮೈಲೇಜ್: ಹೋಗಿ ಬಂದರೆ ಮಾತ್ರ ಲೆಕ್ಕ

ಬೆಂಗಳೂರಿನಿಂದ ಪುತ್ತೂರಿಗೆ ಹೋಗುವಾಗ ನನ್ನ ಕಾರು ಲೀಟರಿಗೆ 19.5 ಕಿ.ಮೀ. ಕೊಡುತ್ತದೆ. ಅದೇ ರಸ್ತೆಯಲ್ಲಿ ವಾಪಸ್ ಬರುವಾಗ 17.2. ಕೂತವರು ಅವರೇ, ಲಗೇಜೂ ಹೆಚ್ಚುಕಡಿಮೆ ಅಷ್ಟೇ, ಓಡಿಸುವವಳು ನಾನೇ. ಹಾಗಾದರೆ ಈ ಕಾರಿನ ಮೈಲೇಜ್ ಎಷ್ಟು ಅಂತ ಹೇಳಬೇಕು?

ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವ ನನಗೆ ಈ ಪ್ರಶ್ನೆ ತುಂಬಾ ಇಷ್ಟ. ಉತ್ತರ ಪಠ್ಯಪುಸ್ತಕದಲ್ಲೇ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪುತ್ತೂರು 100 ಮೀಟರಿಗಿಂತ ಕೆಳಗಿದೆ. ಎರಡರ ನಡುವೆ 800 ಮೀಟರ್ ಅಂತ ಇಟ್ಟುಕೊಳ್ಳೋಣ. ಕಾರು, ಜನ, ಲಗೇಜು ಎಲ್ಲ ಸೇರಿ 1400 ಕೆ.ಜಿ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಏರಿಸಲು ಸುಮಾರು 11 ಮೆಗಾಜೂಲ್ ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ 30 ಮೆಗಾಜೂಲ್ ಇದೆ, ನಿಜ. ಆದರೆ ಎಂಜಿನ್ ಅದರಲ್ಲಿ ಶೇ. 30ರಷ್ಟನ್ನು ಚಕ್ರಕ್ಕೆ ತಲುಪಿಸಿದರೆ ಅದೇ ಹೆಚ್ಚು. ಅಂದರೆ ಬರೀ ಎತ್ತರ ಏರುವುದಕ್ಕೇ ಒಂದೂಕಾಲು ಲೀಟರಿನ ಹತ್ತಿರ ಬೇಕು. ಇಳಿಯುವಾಗ ಅದು ನಮಗೆ ವಾಪಸ್ ಸಿಗಬೇಕು. ಪೂರ್ತಿ ಸಿಗುವುದಿಲ್ಲ. ಶಿರಾಡಿ ಘಾಟಿಯ ತಿರುವುಗಳಲ್ಲಿ ಬ್ರೇಕ್ ಹಾಕಿದಾಗ ಸ್ವಲ್ಪ ಬಿಸಿಯಾಗಿ ಹೋಗುತ್ತದೆ.

ನನ್ನ ಅಂಕಿ ನೋಡಿ. ದೂರ 310 ಕಿ.ಮೀ. ಹೋಗುವಾಗ ಸುಮಾರು 15.9 ಲೀಟರ್, ಬರುವಾಗ 18 ಲೀಟರ್. ಸರಾಸರಿಯಿಂದ ಆಚೆ ಈಚೆ ಒಂದೊಂದು ಲೀಟರ್. ಲೆಕ್ಕಕ್ಕೂ ರಸ್ತೆಗೂ ಇಷ್ಟು ಚೆನ್ನಾಗಿ ತಾಳೆಯಾದಾಗ ನನಗೆ ಆಗುವ ಸಂತೋಷವನ್ನು ಮನೆಯವರಿಗೆ ಅರ್ಥ ಮಾಡಿಸುವುದು ಕಷ್ಟ. ಯಾರಾದರೂ "ಮಂಗಳೂರಿಗೆ ಹೋಗುವಾಗ ನಂದು 21 ಕೊಡ್ತು" ಅಂದರೆ ನಾನು ಕೇಳುವುದು ಒಂದೇ: ವಾಪಸ್ ಬರುವಾಗ ಎಷ್ಟು? ಹೋಗಿ ಬಂದದ್ದನ್ನು ಸೇರಿಸಿ ಭಾಗಿಸಿದರೆ ನನ್ನದು 18.3. ಹೆದ್ದಾರಿ ಮೈಲೇಜ್ ಅಂತ ನಾನು ಹೇಳುವುದು ಅದನ್ನೇ.

ಇನ್ನು ಅಳೆಯುವ ವಿಧಾನ. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಸಂಖ್ಯೆ ಅಳತೆಯಲ್ಲ, ಅಂದಾಜು. ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನುವುದರ ಮೇಲೆ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ನಾನು ಓಡಿಸಿದ ಕಾರುಗಳಲ್ಲೆಲ್ಲ ಅದು ಸ್ವಲ್ಪ ಜಾಸ್ತಿಯೇ ತೋರಿಸಿದೆ. ಈಗಿನ ಕಾರಿನಲ್ಲಿ ಪರದೆ 19.4 ಅಂದರೆ ನಿಜ 18.3ರ ಆಸುಪಾಸು. ಈ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುತ್ತದೆ. ಹಾಗಾಗಿ ಪರದೆಯ ಸಂಖ್ಯೆಯನ್ನು 0.94ರಿಂದ ಗುಣಿಸಿದರೆ ಚಿಕ್ಕ ಪ್ರಯಾಣಗಳಿಗೂ ಒಳ್ಳೆಯ ಅಂದಾಜು ಸಿಗುತ್ತದೆ. ನಿಮ್ಮ ಕಾರಿನ ಗುಣಕವನ್ನು ನೀವೇ ಕಂಡುಕೊಳ್ಳಬೇಕು. ಅದಕ್ಕೆ ಟ್ಯಾಂಕ್ ಲೆಕ್ಕವೇ ಬೇಕು.

ಟ್ಯಾಂಕ್ ಲೆಕ್ಕಕ್ಕೆ ಅದೇ ಬಂಕ್, ಸಾಧ್ಯವಾದರೆ ಅದೇ ಮಷೀನ್. ಗನ್ ಮೊದಲ ಸಲ ಟಿಕ್ ಅಂತ ನಿಂತ ಕೂಡಲೇ ಸಾಕು. ಬಂಕಿನ ಹುಡುಗ "ರೌಂಡ್ ಮಾಡ್ಲಾ ಮೇಡಂ?" ಅಂತ ಕೇಳೇ ಕೇಳುತ್ತಾನೆ. ಬೇಡ ಅನ್ನಿ. ಕುತ್ತಿಗೆ ತನಕ ತುಂಬಿಸಿದರೆ ಪೆಟ್ರೋಲ್ ಆವಿಯನ್ನು ಹಿಡಿಯುವ ಇದ್ದಿಲಿನ ಡಬ್ಬಿಗೆ ದ್ರವವೇ ಹೋಗಿ ಅದು ಹಾಳಾಗಬಹುದು. ಟ್ರಿಪ್ ಮೀಟರ್ ಸೊನ್ನೆ ಮಾಡಿ ಹೊರಡಿ. ಮುಂದಿನ ಸಲ ಮತ್ತೆ ಮೊದಲ ಟಿಕ್‌ವರೆಗೆ. ಟಿಕ್ ಅನ್ನುವ ಜಾಗ ಅರ್ಧ ಲೀಟರ್ ಹಿಂದೆ ಮುಂದೆ ಆಗಬಹುದು. ಐದು ಲೀಟರ್ ಮಾತ್ರ ಹಾಕಿಸಿ ಲೆಕ್ಕ ಮಾಡಿದರೆ ಆ ಅರ್ಧ ಲೀಟರ್ ಅಂದರೆ ಶೇ. 10 ತಪ್ಪು. 35 ಲೀಟರ್ ಹಾಕಿಸಿದರೆ ಶೇ. 1.5 ಮಾತ್ರ. ಆದ್ದರಿಂದ ಐನೂರು ರೂಪಾಯಿಗೆ ಹಾಕಿಸಿ ಮೈಲೇಜ್ ನೋಡುವುದರಲ್ಲಿ ಅರ್ಥವಿಲ್ಲ. ಅಂದ ಹಾಗೆ, ಬಂಕಿನ ಮೀಟರ್ ಮೇಲೆ ಅನುಮಾನ ಬಂದರೆ ಸುಮ್ನೆ ಇರಬೇಡಿ. ಪ್ರತಿ ಬಂಕಿನಲ್ಲೂ 5 ಲೀಟರಿನ ಮುದ್ರೆ ಹಾಕಿದ ಅಳತೆ ಪಾತ್ರೆ ಇರಬೇಕು. ಅಳೆದು ತೋರಿಸಿ ಅಂತ ಕೇಳುವ ಹಕ್ಕು ಗ್ರಾಹಕರಿಗೆ ಇದೆ.

ಈಗ ಟರ್ಬೊ ವಿಷಯ. ನನ್ನ ಕಾರಿನದು 999 ಸಿಸಿ, ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್. 178 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, 1750 ಆರ್‌ಪಿಎಂಗೇ ಸಿಗುತ್ತದೆ. ಟರ್ಬೊ ಇಲ್ಲದ 1000 ಸಿಸಿ ಎಂಜಿನ್‌ನಿಂದ ಇದರ ಅರ್ಧದ ಆಸುಪಾಸು ಸಿಗುತ್ತದೆ ಅಷ್ಟೆ. ಹೊಗೆಯ ರಭಸದಿಂದ ತಿರುಗುವ ಚಕ್ರ ಇನ್ನೊಂದು ಚಕ್ರವನ್ನು ತಿರುಗಿಸಿ ಎಂಜಿನ್ ಒಳಗೆ ಗಾಳಿ ತುರುಕುತ್ತದೆ. ಊದುಕೊಳವೆಯಲ್ಲಿ ಒಲೆ ಊದಿದ ಹಾಗೆ. ಊದಿದಷ್ಟೂ ಬೆಂಕಿ ಜೋರು, ಸೌದೆಯೂ ಅಷ್ಟೇ ಬೇಗ ಖಾಲಿ. ಗಾಳಿ ಹೆಚ್ಚಾದರೆ ಅದಕ್ಕೆ ತಕ್ಕ ಪೆಟ್ರೋಲ್ ಹೋಗಲೇಬೇಕು. ಹಗುರವಾಗಿ ಓಡಿಸಿದರೆ ಇದು ಸಣ್ಣ ಕಾರಿನ ಎಂಜಿನ್. ತುಳಿದರೆ ದೊಡ್ಡ ಕಾರಿನ ಎಂಜಿನ್. ಆದ್ದರಿಂದಲೇ ಒಂದೇ ಮಾಡೆಲ್ ಕಾರಿಗೆ ಒಬ್ಬರು 19 ಅನ್ನುತ್ತಾರೆ, ಇನ್ನೊಬ್ಬರು 12 ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಜಾಹೀರಾತಿನ ಸಂಖ್ಯೆಗೂ ರಸ್ತೆಗೂ ಅಂತರ ಇರುವುದಕ್ಕೆ ಒಂದು ಕಾರಣ ಇದೇ. ಆ ಪರೀಕ್ಷೆ ನಡೆಯುವುದು ಲ್ಯಾಬಿನ ರೋಲರ್ ಮೇಲೆ, ಎಸಿ ಆಫ್ ಮಾಡಿ, 20 ನಿಮಿಷದ ಒಳಗೆ. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ವೇಗ ಏರುವುದೂ ಬಹಳ ನಿಧಾನ. ಟರ್ಬೊಗೆ ಅಲ್ಲಿ ಹೆಚ್ಚು ಕೆಲಸವೇ ಇರುವುದಿಲ್ಲ.

ಟರ್ಬೊ ಯಾವಾಗ ಊದುತ್ತಿದೆ ಅಂತ ಕಣ್ಣಾರೆ ನೋಡಬಹುದು. ಸ್ಟೀರಿಂಗ್ ಕೆಳಗೆ ಕಾರಿನ ಕಂಪ್ಯೂಟರಿನ ಮಾಹಿತಿ ಓದಲು ಇರುವ ಓಬಿಡಿ ಪೋರ್ಟಿಗೆ ಒಂದು ಬ್ಲೂಟೂತ್ ಡಾಂಗಲ್ ಸಿಕ್ಕಿಸಿದರೆ ಮೊಬೈಲಿನಲ್ಲಿ ಎಂಜಿನ್ನಿನ ಒಳಗಿನ ಗಾಳಿಯ ಒತ್ತಡ ಕಾಣುತ್ತದೆ. ನೋಡುವ ಕೆಲಸ ಪಕ್ಕದ ಸೀಟಿನವರದ್ದು, ನಮ್ಮ ಮನೆಯಲ್ಲಿ ಅದು ಯಜಮಾನರದ್ದು. ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 91 ಕಿಲೋಪ್ಯಾಸ್ಕಲ್, ಮಂಗಳೂರಿನಲ್ಲಿ 101. ಸಂಖ್ಯೆ ಅದಕ್ಕಿಂತ ಮೇಲೆ ಹೋದರೆ ಬೂಸ್ಟ್, ಅಂದರೆ ಟರ್ಬೊ ಊದುವುದು, ಶುರುವಾಗಿದೆ ಅಂತ ಅರ್ಥ. ಕುಣಿಗಲ್ ದಾಟಿದ ಮೇಲೆ ಸಮತಟ್ಟಾದ ಕಡೆ ಆರನೇ ಗೇರಿನಲ್ಲಿ 80ರ ವೇಗದಲ್ಲಿ ಹೋಗುವಾಗ ಒತ್ತಡ 60ರ ಹತ್ತಿರ ಇರುತ್ತದೆ. ಬೂಸ್ಟ್ ಇಲ್ಲವೇ ಇಲ್ಲ. ವಾಪಸ್ ಬರುವಾಗ ಗುಂಡ್ಯದಿಂದ ಮಾರನಹಳ್ಳಿಗೆ ಏರುವಲ್ಲಿ 130, 140 ಸಾಮಾನ್ಯ. ಗ್ಯಾಸ್ ಟ್ಯಾಂಕರನ್ನು ಓವರ್‌ಟೇಕ್ ಮಾಡಲು ಪೂರ್ತಿ ತುಳಿದರೆ ಅದಕ್ಕೂ ಮೇಲೆ.

ಪೂರ್ತಿ ತುಳಿದಾಗ ಇನ್ನೊಂದು ಸಂಗತಿಯೂ ನಡೆಯುತ್ತದೆ. ಶುದ್ಧ ಪೆಟ್ರೋಲಿನ ಒಂದು ಭಾಗ ಸರಿಯಾಗಿ ಉರಿಯಲು 14.7 ಭಾಗ ಗಾಳಿ ಬೇಕು. ಆದರೆ ಟರ್ಬೊ ಎಂಜಿನ್ ವಿಪರೀತ ಬಿಸಿಯಾದಾಗ, ಹೊಗೆಯ ಶಾಖದಿಂದ ಟರ್ಬೊ ಸುಡಬಾರದು ಅಂತ ಕಂಪ್ಯೂಟರ್ ಬೇಕೆಂದೇ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಆ ಹೆಚ್ಚುವರಿ ಪೆಟ್ರೋಲ್ ಕಾರನ್ನು ಎಳೆಯುವುದಿಲ್ಲ, ಎಂಜಿನ್ ತಣಿಸುತ್ತದೆ ಅಷ್ಟೆ. ನನ್ನ ಪ್ರಕಾರ ಟರ್ಬೊ ಕಾರಿನಲ್ಲಿ ಅತಿ ದೊಡ್ಡ ನಷ್ಟ ಇದೇ. ತಪ್ಪಿಸುವುದೂ ಸುಲಭ. ಮುಕ್ಕಾಲು ತುಳಿದರೆ ಸಾಕು, ಪೂರ್ತಿ ಬೇಡ. ಘಾಟಿಯಲ್ಲಿ ಲಾರಿ ದಾಟಿಸಲು ಉದ್ದದ ನೇರ ದಾರಿ ಸಿಗುವ ತನಕ ಮೂರನೇ ಗೇರಿನಲ್ಲಿ ಕಾಯಿರಿ. ಹೇಗಿದ್ದರೂ ಶಿರಾಡಿಯಲ್ಲಿ ಮುಂದೆ ಇನ್ನೊಂದು ಲಾರಿ ಇದ್ದೇ ಇರುತ್ತದೆ.

ಹಾಗಂತ ಯಾವಾಗಲೂ ಮುಟ್ಟಿಯೂ ಮುಟ್ಟದ ಹಾಗೆ ತುಳಿಯಬೇಕು ಅಂತಲ್ಲ. ಇದು ಬಹಳ ಜನ ನಂಬದ ಮಾತು. ಸಿಗ್ನಲ್‌ನಿಂದ ಹೊರಡುವಾಗ ತೀರಾ ಮೆಲ್ಲಗೆ ಹೊರಟು ಅರ್ಧ ಕಿಲೋಮೀಟರ್ ಎರಡು ಮೂರನೇ ಗೇರಿನಲ್ಲೇ ಎಳೆಯುವುದಕ್ಕಿಂತ, 2000–2500 ಆರ್‌ಪಿಎಂ ಒಳಗೆ ಸ್ವಲ್ಪ ಗಟ್ಟಿಯಾಗಿ ತುಳಿದು ಬೇಗ ಮೇಲಿನ ಗೇರಿಗೆ ಹೋಗುವುದು ಮೇಲು. ಅರ್ಧಂಬರ್ಧ ತೆರೆದ ಥ್ರಾಟಲ್ (ಗಾಳಿ ಒಳಬಿಡುವ ಬಾಗಿಲು) ಮೂಲಕ ಗಾಳಿ ಹೀರಲು ಎಂಜಿನ್ನೇ ಕಷ್ಟಪಡುತ್ತದೆ. ಆ ಕಷ್ಟಕ್ಕೂ ಪೆಟ್ರೋಲ್ ಖರ್ಚು. ಆದರೆ 1500ಕ್ಕಿಂತ ಕೆಳಗೆ, ಐದನೇ ಗೇರಿನಲ್ಲಿ, ಏರಿನಲ್ಲಿ ತುಳಿಯಲೇಬೇಡಿ. ಟರ್ಬೊ ಅಲ್ಲಿ ಇನ್ನೂ ಸರಿಯಾಗಿ ಎದ್ದಿರುವುದಿಲ್ಲ. ಸಿಲಿಂಡರಿಗೇ ನೇರ ಪೆಟ್ರೋಲ್ ಸಿಂಪಡಿಸುವ ಇಂಥ ಎಂಜಿನ್‌ಗಳಲ್ಲಿ ಕಿಡಿ ಬೀಳುವ ಮೊದಲೇ ಬೆಂಕಿ ಹತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯವೂ ಇದೆ. ಇದನ್ನು ತಡೆಯಲೂ ನೆರವಾಗುವಂತೆ ಎಂಜಿನ್ ಆಯಿಲ್‌ಗೆ ಎಪಿಐ ಎಸ್‌ಪಿ ಅನ್ನುವ ಗುಣಮಟ್ಟದ ದರ್ಜೆ 2020ರಲ್ಲಿ ಬಂತು. ಮೈಲೇಜ್ ಆಸೆಗೆ ಗೇರ್ ಇಳಿಸದೆ ಗುರ್ರ್ ಅನ್ನಿಸುತ್ತಾ ಹೋಗುವವರು ಇದನ್ನು ನೆನಪಿಡಬೇಕು.

ಘಾಟಿ ಇಳಿಯುವುದರ ಬಗ್ಗೆ ನಮ್ಮ ದೊಡ್ಡಪ್ಪನ ಜೊತೆ ನನ್ನದು ಮುಗಿಯದ ಚರ್ಚೆ. ಅವರು ವರ್ಷಗಟ್ಟಲೆ ಇದೇ ಘಾಟಿಯಲ್ಲಿ ಜೀಪು ಓಡಿಸಿದವರು. "ಇಳಿಜಾರಲ್ಲಿ ನ್ಯೂಟ್ರಲ್ ಹಾಕು ಮಗಳೇ, ಸುಮ್ನೆ ಯಾಕೆ ಪೆಟ್ರೋಲ್ ಸುಡ್ತೀಯ?" ಅನ್ನುತ್ತಾರೆ. "ದೊಡ್ಡಪ್ಪಾ, ಗೇರಲ್ಲಿದ್ರೇ ಈಗಿನ ಗಾಡಿ ಏನೂ ಸುಡಲ್ಲ" ಅಂದರೆ ನಂಬುವುದಿಲ್ಲ. ಒಮ್ಮೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮೊಬೈಲ್ ಕೈಗೆ ಕೊಟ್ಟೆ. ದೋಣಿಗಾಲ್ ದಾಟಿ ಇಳಿಯುವಾಗ ಮೂರನೇ ಗೇರಿನಲ್ಲಿ ಕಾಲು ತೆಗೆದೆ. ಇಂಧನದ ಹರಿವು ಸೊನ್ನೆ. ಕಾರು ಉರುಳುವ ವೇಗವೇ ಎಂಜಿನ್ ತಿರುಗಿಸುತ್ತಿರುತ್ತದೆ, ಇಂಜೆಕ್ಟರ್ ಪೂರ್ತಿ ಮುಚ್ಚಿರುತ್ತದೆ. ನ್ಯೂಟ್ರಲ್ ಹಾಕಿದರೆ ಐಡಲ್‌ನಲ್ಲಿ ಉಳಿಯಲು ಎಂಜಿನ್‌ಗೆ ಪೆಟ್ರೋಲ್ ಬೇಕೇ ಬೇಕು. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಎರಡೆರಡು ಸಲ ನೋಡಿದರು. "ಕಾರ್ಬುರೇಟರ್‌ನಲ್ಲಿ ಹೀಗೆ ಇರ್ಲಿಲ್ಲ" ಅಂದರು, ಇಂಜೆಕ್ಟರ್ ಬರುವ ಮೊದಲಿನ ಎಂಜಿನ್‌ಗಳನ್ನು ನೆನೆಸಿಕೊಂಡು. ಅದು ನಿಜ. ಆದರೆ ನ್ಯೂಟ್ರಲ್‌ನಲ್ಲಿ ಘಾಟಿ ಇಳಿದರೆ ಪೂರ್ತಿ ಭಾರ ಬ್ರೇಕ್ ಮೇಲೆ ಬೀಳುವುದು ಆಗಲೂ ಅಷ್ಟೇ, ಈಗಲೂ ಅಷ್ಟೇ.

ಹೆದ್ದಾರಿಯಲ್ಲಿ ಇದೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ವೇಗ ಇಳಿಸುವುದು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 85ರಿಂದ 100ಕ್ಕೆ ಹೋದರೆ ತಡೆ ಶೇ. 38 ಹೆಚ್ಚು. ನೆಲಮಂಗಲದಿಂದ ಹಾಸನದ ತನಕ ಸುಮಾರು 160 ಕಿ.ಮೀ. 85ರಲ್ಲಿ ಹೋದರೆ ನನ್ನ ಕಾರು ಅಲ್ಲಿ 21ರ ಹತ್ತಿರ ಕೊಡುತ್ತದೆ, 100ರಲ್ಲಿ 18. ಒಂದು ಲೀಟರಿಗೂ ಹೆಚ್ಚು ಉಳಿತಾಯ, ಅಂದರೆ ನೂರು ರೂಪಾಯಿಗೂ ಮೇಲೆ. ಸಮಯ ಹೋಗುವುದು ಲೆಕ್ಕದಲ್ಲಿ 17 ನಿಮಿಷ. ಟೋಲ್, ಊರುಗಳ ಹಂಪು ಎಲ್ಲ ಸೇರಿದರೆ ಅಷ್ಟೂ ಇರುವುದಿಲ್ಲ.

ಊರೊಳಗಿನ ಕಥೆ ಬೇರೆ. ಅಲ್ಲಿ ಕಾಲಿನ ಚಾಲಾಕಿತನಕ್ಕೆ ಹೆಚ್ಚು ಬೆಲೆ ಇಲ್ಲ. ನಾನು ಮೈಲೇಜ್ ಪಕ್ಕದಲ್ಲಿ ಸರಾಸರಿ ವೇಗವನ್ನೂ ಬರೆದಿಡುತ್ತೇನೆ. ಸರಾಸರಿ 25 ಇದ್ದ ದಿನ 14 ಸಿಗುತ್ತದೆ, 15 ಇದ್ದ ದಿನ 10. ಎಸಿ ಹಾಕಿಕೊಂಡು ನಿಂತರೆ ಗಂಟೆಗೆ ಒಂದು ಲೀಟರ್ ಹತ್ತಿರ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಗಂಟೆಯಲ್ಲಿ 15 ಕಿ.ಮೀ. ಹೋಗಿ ಅರ್ಧ ಗಂಟೆ ನಿಂತೇ ಇದ್ದರೆ, ಸುಟ್ಟ ಒಂದೂವರೆ ಲೀಟರಿನಲ್ಲಿ ಮೂರನೇ ಒಂದು ಭಾಗ ನಿಂತಲ್ಲೇ ಹೋಯಿತು. ಅಲ್ಲಿ ಡ್ರೈವಿಂಗ್ ಸುಧಾರಿಸಿ ಏನು ಪ್ರಯೋಜನ? ಅರ್ಧ ಗಂಟೆ ಮೊದಲು ಹೊರಡುವುದೇ ಉಪಾಯ. ತರಕಾರಿ ಅಂಗಡಿಗೆ ಕಾರು ತೆಗೆಯುವುದನ್ನು ಬಿಟ್ಟದ್ದರಿಂದ ನನ್ನ ತಿಂಗಳ ಸರಾಸರಿ ಕಣ್ಣಿಗೆ ಕಾಣುವಷ್ಟು ಏರಿತು. ತಣ್ಣಗಿರುವ ಎಂಜಿನ್ ಮೊದಲ ಎರಡು ಮೂರು ಕಿಲೋಮೀಟರ್ ವಿಪರೀತ ಕುಡಿಯುತ್ತದೆ.

ಹಳೆಯ ಲೆಕ್ಕಕ್ಕೂ ಈಗಿನದಕ್ಕೂ ಹೋಲಿಸುವವರು ಎಥೆನಾಲ್ ಮರೆಯಬಾರದು. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಶೇ. 20 ಬೆರೆಸಿದ ಪೆಟ್ರೋಲಿನಲ್ಲಿ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ. 7, ಶೇ. 10 ಬೆರೆಸಿದ್ದಕ್ಕಿಂತ ಶೇ. 3–4 ಶಕ್ತಿ ಕಡಿಮೆ. ಎಥೆನಾಲ್‌ನ ಆಕ್ಟೇನ್, ಅಂದರೆ ತಾನಾಗಿ ಹತ್ತಿಕೊಳ್ಳದೆ ತಡೆಯುವ ಗುಣ, ಜಾಸ್ತಿ ಇರುವುದರಿಂದ, ಅದಕ್ಕೆಂದೇ ಹೊಂದಿಸಿದ ಟರ್ಬೊ ಎಂಜಿನ್ ಭಾರ ಬಿದ್ದಾಗ ಅದರಲ್ಲಿ ಸ್ವಲ್ಪವನ್ನು ವಾಪಸ್ ಗಳಿಸಬಹುದು. ಪೂರ್ತಿ ಅಲ್ಲ.

ಟೈರಿನ ಗಾಳಿಯನ್ನು ಬೆಳಿಗ್ಗೆ, ಕಾರು ಓಡಿಸುವ ಮೊದಲು ನೋಡಿ. ಹತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಬಂಕಿನಲ್ಲಿ ಹೊಡೆಸಿದರೆ ನಿಜವಾಗಿ ಕಡಿಮೆಯೇ ತುಂಬಿರುತ್ತದೆ. ಹೊಸ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದಂತೆ ಕಂಡರೆ ಗಾಬರಿ ಬೇಡ. ಸವೆದ ಟೈರಿಗಿಂತ ಹೊಸದರ ಸುತ್ತಳತೆ ದೊಡ್ಡದು. ಅದೇ ದೂರಕ್ಕೆ ಚಕ್ರ ಕಡಿಮೆ ಸುತ್ತು ತಿರುಗುತ್ತದೆ, ಓಡೋಮೀಟರ್ ಶೇ. 2ರ ತನಕ ಕಡಿಮೆ ತೋರಿಸಬಹುದು. ಹೊಸ ರಬ್ಬರಿನ ದಪ್ಪ ಪಟ್ಟಿಗಳು ಸ್ವಲ್ಪ ಹೆಚ್ಚು ಎಳೆಯುವುದೂ ನಿಜ. ಎರಡನ್ನೂ ಬೇರೆ ಮಾಡಲು ನೂರು ಕಿಲೋಮೀಟರಿನ ಒಂದು ಓಟದಲ್ಲಿ ಓಡೋಮೀಟರನ್ನು ಮೊಬೈಲಿನ ಜಿಪಿಎಸ್ ಜೊತೆ ತಾಳೆ ನೋಡಿ, ಆ ಅಂತರವನ್ನು ಮುಂದಿನ ಟ್ಯಾಂಕ್ ಲೆಕ್ಕಕ್ಕೆ ಸೇರಿಸಿಕೊಳ್ಳಿ.