ಗಾಜು ಕೂರಿಸೋ ಮೊದಲು ವೈಪರ್ ಮೋಟರ್ ಎಲ್ಲಿದೆ ಅಂತ ಕೇಳಿ

ನಾನು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಗಾಡಿಗಳಿಗೆ ಗಾಜು ಹಾಕುವ ಕೆಲಸ ಮಾಡುತ್ತೇನೆ. 19 ವರ್ಷ ಆಯಿತು. ಬಸ್ಸು, ಲಾರಿ, ಓಮ್ನಿ, ಜೀಪು, ಎಲ್ಲದರ ಮುಂದಿನ ಗಾಜನ್ನೂ ಬಿಚ್ಚಿ ಕೂರಿಸಿದ್ದೇನೆ. ಆದರೆ ಹೋದ ವರ್ಷ ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ ಮಾಡಿದ ಕೆಲಸ ಬೇರೆಯೇ ತರದ್ದು. ಅಲ್ಲಿ ಕಲಿತದ್ದನ್ನು ಬರೆದಿಡಬೇಕು ಅನ್ನಿಸಿತು.

ಮಾರ್ಚ್ ತಿಂಗಳು. ಒಬ್ಬ ಹುಡುಗ ರಟ್ಟಿನ ಅಚ್ಚು ಹಿಡಿದುಕೊಂಡು ಅಂಗಡಿಗೆ ಬಂದ. ‘ಅಣ್ಣಾ, ಈ ಅಳತೆಗೆ ಮುಂದಿನ ಗಾಜು ಬೇಕಿತ್ತು’ ಅಂದ.

‘ಯಾವ ಗಾಡಿದು ತಮ್ಮಾ?’

‘ನಾನೇ ಕಟ್ಟಿದ್ದು.’

ಫೋನಿನಲ್ಲಿ ಫೋಟೋ ತೋರಿಸಿದ. ಅಡಿಕೆ ಸುಲಿಯುವ ಕೊಟ್ಟಿಗೆಯಲ್ಲಿ ಒಂದು ಉದ್ದ ಮೂತಿಯ, ನೆಲಕ್ಕೆ ಹತ್ತಿದಂತಿರುವ, ಬಾಗಿಲಿಲ್ಲದ ಚಿಕ್ಕ ಕಾರು. ಚೌಕ ಪೈಪಿನ ಚಾಸಿ, ಮೂತಿಯ ಹಿಂದಿನ ಭಾಗಕ್ಕೆ ಫೈಬರ್. ಇಂಜಿನ್ ಹಳೇ ಓಮ್ನಿಯದು, 796 ಸಿಸಿ. ಓಮ್ನಿಯನ್ನೇ ಯಾಕೆ ಆರಿಸಿದೆ ಅಂತ ಕೇಳಿದೆ. ಅದರಲ್ಲಿ ಇಂಜಿನ್ ಉದ್ದುದ್ದ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ, ಈ ತರದ ಕಾರಿಗೆ ಅದೇ ಬೇಕು ಅಂದ. ಸರಿಯಾಗಿ ಯೋಚಿಸಿದ್ದಾನೆ ಅಂತ ಖುಷಿಯಾಯಿತು.

ಇಂಥ ಗಾಡಿಗೆ ಕಿಟ್ ಕಾರ್ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಇದು ಹಳೇ ಹವ್ಯಾಸ. ಚಾಸಿ, ಬಾಡಿ, ಬಿಡಿಭಾಗ ಕಂಪನಿ ಕೊಡುತ್ತದೆ, ಕೊಂಡವರು ಮನೆಯಲ್ಲಿ ಜೋಡಿಸಿಕೊಳ್ಳುತ್ತಾರೆ. 1957ರಲ್ಲಿ ಬಂದ ಲೋಟಸ್ ಸೆವೆನ್ ಅದರಲ್ಲಿ ಹೆಸರುವಾಸಿ. ಈ ಹುಡುಗ ನೋಡಿ ಕಲಿತದ್ದೂ ಆ ನಮೂನೆಯನ್ನೇ. ನಮ್ಮಲ್ಲಿ ಮನೆಯಲ್ಲಿ ಕಟ್ಟಿದ ಕಾರನ್ನು ರಸ್ತೆಗಿಳಿಸಲು ಸುಲಭದ ದಾರಿಯಿಲ್ಲ. ಪುಣೆಯ ಎಆರ್‌ಎಐ ತರದ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಮಾದರಿಯ ಪರೀಕ್ಷೆ ಆಗಿ ಒಪ್ಪಿಗೆ ಸಿಗಬೇಕು, ಆಮೇಲೆ ರಿಜಿಸ್ಟ್ರೇಷನ್. ಇದನ್ನು ಮೊದಲೇ ಹೇಳಿದೆ. ‘ತೋಟದ ದಾರಿ ಬಿಟ್ಟು ಹೊರಗೆ ತೆಗೆಯಲ್ಲ ಅಣ್ಣಾ, ಅಪ್ಪನಿಗೂ ಮಾತು ಕೊಟ್ಟಿದ್ದೇನೆ’ ಅಂದ. ಹಾಗಾದರೆ ಸರಿ ಅಂತ ಒಪ್ಪಿಕೊಂಡೆ.

ಮೊದಲ ಮಾತು ಗಾಜು ಯಾವುದು ಅನ್ನೋದು. ಅವನು ಮೇಜಿನ ಮೇಲೆ ಹಾಕುವ ಟಫನ್ ಗಾಜು ಸಾಕು ಅಂದುಕೊಂಡಿದ್ದ. ಬೇಡ ಅಂದೆ. ಟಫನ್ ಗಾಜನ್ನು ಒಮ್ಮೆ ಬಿಸಿ ಮಾಡಿ ಗಟ್ಟಿ ಮಾಡಿದ ಮೇಲೆ ಕತ್ತರಿಸಲೂ ಆಗಲ್ಲ, ತೂತು ಹಾಕಲೂ ಆಗಲ್ಲ. ಅದಕ್ಕಿಂತ ದೊಡ್ಡ ತೊಂದರೆ ಒಡೆದಾಗ. ಒಂದು ಕಲ್ಲು ಬಡಿದರೂ ಇಡೀ ಗಾಜು ಒಂದೇ ಕ್ಷಣದಲ್ಲಿ ಸಣ್ಣ ಚೂರಾಗುತ್ತದೆ, ಮುಂದಿನ ದಾರಿ ಕಾಣುವುದಿಲ್ಲ. ಅಕ್ರಿಲಿಕ್ ಹಾಳೆ ಹಾಕೋಣವಾ ಅಂದ. ಮಲೆನಾಡಿನ ಕೆಸರಿನಲ್ಲಿ ವೈಪರ್ ನಾಲ್ಕು ದಿನ ಆಡಿದರೆ ಅಕ್ರಿಲಿಕ್ ಪೂರ್ತಿ ಗೀರು ಬಿದ್ದು ಮಂಜಾಗುತ್ತದೆ. ಮುಂದಿನ ಗಾಜಿಗೆ ಲ್ಯಾಮಿನೇಟೆಡ್ ಒಂದೇ ಸರಿ. ಎರಡು ಗಾಜಿನ ನಡುವೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಪದರ. ಬಿರುಕು ಬಿಟ್ಟರೂ ಚೂರು ಅಂಟಿಕೊಂಡೇ ಇರುತ್ತದೆ. ಇವನ ಕಾರಿಗೆ 3 ಮಿಲಿಮೀಟರಿನ ಎರಡು ಗಾಜು, ನಡುವೆ 0.76 ಮಿಲಿಮೀಟರ್ ಪದರ ಇರುವ ಚಪ್ಪಟೆ ಗಾಜು ತರಿಸಿದೆ. ಅಗಲ 1,100 ಮಿಲಿಮೀಟರ್, ಎತ್ತರ 330.

ಲ್ಯಾಮಿನೇಟೆಡ್ ಗಾಜು ಕತ್ತರಿಸುವುದು ತಾಳ್ಮೆಯ ಕೆಲಸ. ಮೇಲ್ಗಡೆ ಕಟರ್‌ನಿಂದ ಒಂದೇ ಸಲ ಗೆರೆ ಎಳೆಯಬೇಕು. ಮತ್ತೆ ಅದೇ ಗೆರೆ ಮೇಲೆ ಕಟರ್ ಓಡಿಸಿದರೆ ಅಂಚು ಹಾಳು. ಗಾಜು ತಿರುವಿ ಹಾಕಿ, ಅದೇ ಜಾಗಕ್ಕೆ ಸರಿಯಾಗಿ ಕೆಳಗಡೆಯೂ ಗೆರೆ. ಮೆಲ್ಲಗೆ ಬಡಿದು ಎರಡೂ ಕಡೆ ಬಿರುಕು ಓಡಿಸಬೇಕು. ಈಗ ಎರಡು ತುಂಡನ್ನು ನಡುವಿನ ಪದರ ಮಾತ್ರ ಹಿಡಿದುಕೊಂಡಿರುತ್ತದೆ. ಆ ಗೆರೆ ಉದ್ದಕ್ಕೂ ತೆಳ್ಳಗೆ ಸ್ಪಿರಿಟ್ ಸುರಿದು ಬೆಂಕಿ ತಾಗಿಸಿದರೆ ಪದರ ಮೆತ್ತಗಾಗುತ್ತದೆ. ತುಂಡುಗಳನ್ನು ಕೂದಲೆಳೆಯಷ್ಟು ದೂರ ಎಳೆದು ಬ್ಲೇಡ್ ಆಡಿಸಬೇಕು. ಆಮೇಲೆ ಅಂಚನ್ನು ನೀರು ಹಾಕಿಕೊಂಡು ಮಸೆಯುವುದು. ಉಸ್ತಾದ್ ನನಗೆ ಮೊದಲ ವರ್ಷ ಪೂರ್ತಿ ಅಂಚು ಮಸೆಯುವ ಕೆಲಸವನ್ನೇ ಕೊಟ್ಟಿದ್ದರು. ಗಾಜು ಸಾಯುವುದು ಅಂಚಿನಿಂದ ಅನ್ನುತ್ತಿದ್ದರು. ಅಂಚಿನಲ್ಲಿ ಸಾಸಿವೆಯಷ್ಟು ಹಲ್ಲು ಉಳಿದರೂ ಒಂದಲ್ಲ ಒಂದು ದಿನ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಗಾಜನ್ನು ಕಂಬಳಿಯಲ್ಲಿ ಸುತ್ತಿ ಗಾಜನೂರು, ಮಂಡಗದ್ದೆ ದಾಟಿ ತೆಗೆದುಕೊಂಡು ಹೋದೆ. ಕಬ್ಬಿಣದ ಫ್ರೇಮಿಗೆ ರಬ್ಬರ್ ಹಾಕಿ ಕೂರಿಸಿದೆ. ಚೆನ್ನಾಗಿ ಕಂಡಿತು. ಅವನ ಅಮ್ಮ ಕೊಟ್ಟೆ ಕಡುಬು ಬಡಿಸಿದರು, ಉಂಡು ಊರಿಗೆ ವಾಪಸ್ ಬಂದೆ.

ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಫೋನ್. ‘ಅಣ್ಣಾ, ಗಾಜು ಬಿರುಕು ಬಿಟ್ಟಿದೆ. ಗಾಡಿ ನಿಂತಲ್ಲೇ ಇತ್ತು, ಯಾರೂ ಮುಟ್ಟಿಲ್ಲ.’

ಹೋಗಿ ನೋಡಿದೆ. ಎಡಗಡೆ ಕೆಳಮೂಲೆಯಿಂದ ಬಿರುಕು ಬಿಲ್ಲಿನಂತೆ ಬಾಗಿ ಮೇಲಕ್ಕೆ ಹೋಗಿತ್ತು. ಗಾಜು ತೆಗೆದು ಫ್ರೇಮಿನ ಎದುರುಬದುರು ಮೂಲೆಗಳಿಗೆ ಎರಡು ದಾರ ಬಿಗಿದು ಕಟ್ಟಿದೆ. ಫ್ರೇಮ್ ಸಮವಾಗಿದ್ದರೆ ಎರಡೂ ದಾರ ನಡುವೆ ಒಂದಕ್ಕೊಂದು ಸುಮ್ನೆ ತಾಗಬೇಕು. ಇಲ್ಲಿ ನಡುವೆ ಬೆರಳು ತೂರುವಷ್ಟು ಜಾಗ. ಅಂದರೆ ವೆಲ್ಡಿಂಗ್ ಬಿಸಿಗೆ ಫ್ರೇಮ್ ತಿರುಚಿಕೊಂಡಿತ್ತು. ಚಪ್ಪಟೆ ಗಾಜನ್ನು ನಾನು ಒತ್ತಿ ಒತ್ತಿ ಆ ತಿರುಚಿಗೆ ಬಾಗಿಸಿ ಕೂರಿಸಿದ್ದೆ. ಜೊತೆಗೆ ಕೆಳಮೂಲೆಯಲ್ಲಿ ವೆಲ್ಡಿಂಗಿನ ಒಂದು ಗಂಟು ರಬ್ಬರನ್ನು ಅಮುಕಿ ಗಾಜಿಗೆ ತಾಗುತ್ತಿತ್ತು. ಬಿರುಕು ಶುರುವಾಗಿದ್ದು ಸರಿಯಾಗಿ ಅಲ್ಲಿಂದಲೇ.

ತಪ್ಪು ನನ್ನದು. ಹಾಗಾಗಿ ಎರಡನೇ ಗಾಜಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ನಾನು ಯಾಕೆ ಮೊದಲೇ ದಾರ ಕಟ್ಟಿ ನೋಡಲಿಲ್ಲ ಅನ್ನೋದೇ ನನ್ನನ್ನು ಜಾಸ್ತಿ ಕಾಡಿತು. ಉತ್ತರ ಆಮೇಲೆ ಹೊಳೆಯಿತು. ಇಷ್ಟು ವರ್ಷ ನಾನು ಮಾಡಿದ್ದು ಕಂಪನಿ ಗಾಡಿಯ ಗಾಜು ಬದಲಿಸುವ ಕೆಲಸ. ಫ್ರೇಮ್ ಸಮ ಇದೆಯಾ, ಗಾಜಿಗೂ ಕಬ್ಬಿಣಕ್ಕೂ ಎಷ್ಟು ಸಂದು ಬೇಕು, ನೀರು ಎಲ್ಲಿ ಹರಿದು ಹೋಗಬೇಕು, ವೈಪರ್ ಎಲ್ಲಿ ಕೂರಬೇಕು, ಇದನ್ನೆಲ್ಲ ಯಾರೋ ಡ್ರಾಯಿಂಗ್ ಹಾಕುವಾಗಲೇ ಯೋಚಿಸಿ ಮುಗಿಸಿರುತ್ತಾರೆ. ನಾನು ಅವರ ಯೋಚನೆಯ ಮೇಲೆ ಕೆಲಸ ಮಾಡುತ್ತಿದ್ದೆ. ಅದು ಗೊತ್ತೇ ಆಗಿರಲಿಲ್ಲ. ಈ ಹುಡುಗನ ಕಾರಿನಲ್ಲಿ ಅದನ್ನು ಇನ್ನೂ ಯಾರೂ ಯೋಚಿಸಿರಲಿಲ್ಲ.

ಫ್ರೇಮ್ ಬಿಚ್ಚಿ, ಬಿಸಿ ಮಾಡಿ, ದಾರ ತಾಗುವವರೆಗೆ ಸರಿ ಮಾಡಿಸಿದೆವು. ವೆಲ್ಡಿಂಗ್ ಗಂಟುಗಳನ್ನೆಲ್ಲ ಉಜ್ಜಿ ತೆಗೆದೆವು. ಇನ್ನೊಂದು ಪರೀಕ್ಷೆಯೂ ಮಾಡಿದೆ. ಮುಂದಿನ ಒಂದು ಚಕ್ರಕ್ಕೆ ಮಾತ್ರ ಜಾಕ್ ಕೊಟ್ಟು ಎತ್ತಿದಾಗ ಫ್ರೇಮಿನ ಮೂಲೆಗಳು ಅಲ್ಲಾಡಿದವು. ತೋಟದ ದಾರಿಯಲ್ಲಿ ದಿನಾ ಆಗುವುದು ಇದೇ ಅಲ್ವಾ? ಹಾಗಾಗಿ ಫ್ರೇಮಿನ ಕಾಲುಗಳನ್ನು ಬಾಡಿಗೆ ನೇರವಾಗಿ ಬೋಲ್ಟ್ ಮಾಡದೆ ನಡುವೆ ರಬ್ಬರ್ ಬುಷ್ ಕೊಟ್ಟೆವು. ಗಾಜಿನ ಸುತ್ತ 4 ಮಿಲಿಮೀಟರ್ ಸಂದು, ಕೆಳಗೆ ಎರಡು ಕಡೆ ಚಿಕ್ಕ ರಬ್ಬರ್ ತುಂಡು. ಗಾಜಿನ ಭಾರ ಆ ತುಂಡುಗಳ ಮೇಲೆ ಮಾತ್ರ.

ಫ್ರೇಮಿನ ಕೆಳಗಡೆ ಗಾಜು ಕೂರುವ ಚಾನೆಲ್‌ಗೆ ನೀರು ಇಳಿಯಲು ಮೂರು ಕಡೆ ತೂತು ಹಾಕಿದೆ. ಇದು ಚಿಕ್ಕ ವಿಷಯ ಅನ್ನಿಸಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಆ ಸುತ್ತಿನಲ್ಲಿ ನಿಲ್ಲುವ ಗಾಡಿಯ ಚಾನೆಲ್‌ನಲ್ಲಿ ನೀರು ತಿಂಗಳುಗಟ್ಟಲೆ ನಿಂತರೆ ನಡುವಿನ ಪದರ ಅಂಚಿನಿಂದ ಬೆಳ್ಳಗಾಗಿ ಬಿಟ್ಟುಕೊಳ್ಳುತ್ತದೆ. ಮುಂದಿನ ಗಾಜಿನ ಅಂಚಿನಲ್ಲಿ ಹಾಲು ಚೆಲ್ಲಿದಂಥ ಕಲೆ ನೋಡಿರುತ್ತೀರಿ, ಅದೇ ಇದು. ವಿನೆಗರ್ ವಾಸನೆ ಬರುವ ಸಿಲಿಕಾನ್ ಕೂಡ ಈ ಪದರಕ್ಕೆ ಆಗಿಬರಲ್ಲ. ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕಾನ್ ಕೇಳಿ ತೆಗೆದುಕೊಳ್ಳಬೇಕು.

ಎರಡನೇ ಗಾಜು ನಿಂತಿತು. ಆಮೇಲೆ ವೈಪರ್ ತೆಗೆದುಕೊಂಡೆವು. ನನಗೆ ಎರಡನೇ ಪಾಠ ಅಲ್ಲಿ ಸಿಕ್ಕಿತು.

ಮೋಟರ್, ಅದರ ತಿರುಗಾಟವನ್ನು ವೈಪರ್‌ಗೆ ಮುಟ್ಟಿಸುವ ಲಿಂಕು, ಎರಡೂ ಓಮ್ನಿಯದೇ. ಹುಡುಗ ಮೊದಲೇ ಫೈಬರ್ ಅಡಿಗೆ ಬ್ರ್ಯಾಕೆಟ್ ಹಾಕಿ ಸ್ಪಿಂಡಲ್‌ಗಳನ್ನು, ಅಂದರೆ ವೈಪರ್ ತೋಳು ಕೂತು ತಿರುಗುವ ಕಡ್ಡಿಗಳನ್ನು, ಕೂರಿಸಿದ್ದ. ಮೋಟರ್ ಓಡಿಸಿದರೆ ಬ್ಲೇಡ್ ಕೆಳಗಿರುವಾಗ ಗಾಜಿಗೆ ಸರಿಯಾಗಿ ತಾಗುತ್ತದೆ, ಮೇಲೆ ಹೋದಂತೆ ತುದಿ ಎದ್ದು ನಿಲ್ಲುತ್ತದೆ. ಬ್ಲೇಡ್ ಬದಲಿಸಿದೆವು, ಸ್ಪ್ರಿಂಗ್ ಬಿಗಿ ಮಾಡಿದೆವು, ಏನೂ ಆಗಲಿಲ್ಲ. ಕೊನೆಗೆ ಮಟ್ಟಗೋಲು ಇಟ್ಟು ನೋಡಿದೆ. ಚಪ್ಪಟೆ ಗಾಜಿಗೆ ಸ್ಪಿಂಡಲ್ ನೇರ 90 ಡಿಗ್ರಿಯಲ್ಲಿ ನಿಲ್ಲಬೇಕು. ಆಗ ಮಾತ್ರ ಬ್ಲೇಡ್ ತಿರುಗುವ ದಾರಿ ಗಾಜಿಗೆ ಸಮವಾಗಿರುತ್ತದೆ. ಇಲ್ಲಿ 14 ಡಿಗ್ರಿ ವಾರೆ ಇತ್ತು. ಎಷ್ಟು ಸ್ಪ್ರಿಂಗ್ ಬಿಗಿದರೂ ಆ ವಾರೆ ಹೋಗುವುದಿಲ್ಲ.

ಸರಿ ಮಾಡಲು ಕೈ ಹಾಕಲು ಜಾಗವೇ ಇಲ್ಲ. ಗಾಜಿನ ಬುಡಕ್ಕೂ ಸ್ಪಿಂಡಲ್‌ಗೂ ನಡುವೆ ಎರಡು ಬೆರಳಷ್ಟೇ. ಮತ್ತೆ ಗಾಜು ಬಿಚ್ಚಿದೆ. ಮೊದಲೇ ಗಾಜಿನ ಜಾಗಕ್ಕೆ ಪ್ಲೈವುಡ್ ಹಾಳೆ ನಿಲ್ಲಿಸಿ ವೈಪರ್ ಆಡಿಸಿ ನೋಡಿದ್ದರೆ ಒಂದು ವಾರ ಉಳಿಯುತ್ತಿತ್ತು. ಈ ಸಲ ಹಾಗೇ ಮಾಡಿದೆವು. ಲೇತ್ ಅಂಗಡಿಯಲ್ಲಿ ನೈಲಾನ್ ದಿಂಡಿನಿಂದ ಒಂದು ಮುಖ ಓರೆಯಾಗಿರುವ ವಾಷರ್‌ಗಳನ್ನು ತಿರುವಿಸಿದೆವು. ಫೈಬರ್ ಮೇಲೊಂದು, ಅಡಿಗೊಂದು ಉಲ್ಟಾ. ಸ್ಪಿಂಡಲ್ ನೇರ ನಿಂತಿತು.

ಬ್ಲೇಡ್ ಎಷ್ಟು ತಿರುಗಬೇಕು ಅನ್ನೋದಕ್ಕೂ ಲೆಕ್ಕ ಇದೆ. ಮೋಟರಿನ ಜೊತೆ ಸುತ್ತುವ ಕ್ರ್ಯಾಂಕ್ 40 ಮಿಲಿಮೀಟರ್, ಸ್ಪಿಂಡಲನ್ನು ತಿರುಗಿಸುವ ಲಿವರ್ 50 ಇದ್ದರೆ ಬ್ಲೇಡ್ ಹೆಚ್ಚುಕಮ್ಮಿ 106 ಡಿಗ್ರಿ ಆಡುತ್ತದೆ. ಲಿವರ್ 60 ಮಾಡಿದರೆ ಸುಮಾರು 84ಕ್ಕೆ ಇಳಿಯುತ್ತದೆ. ಕುಳ್ಳ ಗಾಜಿಗೆ ಅಗಲವಾಗಿ ಆಡುವುದೇ ಬೇಕು. ಹಿಂದೆ ಬ್ರಿಟಿಷರ ಕೆಲವು ಕುಳ್ಳ ಗಾಜಿನ ಸ್ಪೋರ್ಟ್ಸ್ ಕಾರುಗಳಿಗೆ ಮೂರು ವೈಪರ್ ಹಾಕುತ್ತಿದ್ದುದೂ ಇದಕ್ಕೇ. ನಾವು ಎರಡಕ್ಕೇ ನಿಂತೆವು. ಹುಡುಗನನ್ನು ಸೀಟಿನಲ್ಲಿ ಕೂರಿಸಿ, ಅವನ ಕಣ್ಣಿಗೆ ದಾರಿ ಕಾಣುವ ಜಾಗವನ್ನು ಪ್ಲೈವುಡ್ ಮೇಲೆ ಗುರುತು ಹಾಕಿ, ಆ ಗುರುತು ಪೂರ್ತಿ ಒರೆಸುವಂತೆ ಅವನ ಕಡೆಯ ಸ್ಪಿಂಡಲನ್ನು ಸ್ವಲ್ಪ ಒಳಕ್ಕೆ ಸರಿಸಿದೆವು. ತೋಳಿನ ಒತ್ತಡವನ್ನು ತರಕಾರಿ ತೂಗುವ ಸ್ಪ್ರಿಂಗ್ ತಕ್ಕಡಿಯಿಂದ ನೋಡಿದೆ. ಬ್ಲೇಡಿನ ಒಂದೊಂದು ಸೆಂಟಿಮೀಟರಿಗೆ 15 ಗ್ರಾಂ ಸಾಕು. 30 ಸೆಂಟಿಮೀಟರ್ ಬ್ಲೇಡಿಗೆ 450 ಗ್ರಾಂ.

ವೈರಿಂಗ್‌ನಲ್ಲಿ ಒಂದು ಮಾತು. ಅವನು ಸಾದಾ ಆನ್–ಆಫ್ ಸ್ವಿಚ್ ಹಾಕಿದ್ದ. ಆಫ್ ಮಾಡಿದಾಗ ಬ್ಲೇಡ್ ಎಲ್ಲಿತ್ತೋ ಅಲ್ಲೇ, ಕಣ್ಣೆದುರಿಗೇ ನಿಲ್ಲುತ್ತಿತ್ತು. ಮೋಟರ್ ಒಳಗೆ ಪಾರ್ಕ್ ಸ್ವಿಚ್ ಅಂತ ಒಂದಿರುತ್ತದೆ. ನಾವು ಆಫ್ ಮಾಡಿದ ಮೇಲೂ ಬ್ಲೇಡ್ ಕೆಳಗೆ ಬರುವ ತನಕ ಅದು ಮೋಟರಿಗೆ ಕರೆಂಟ್ ಕೊಡುತ್ತದೆ. ಬಂದ ಕೂಡಲೇ ಕರೆಂಟ್ ಕಡಿದು ಆ ತಂತಿಯನ್ನು ಅರ್ತ್‌ಗೆ ಸೇರಿಸುತ್ತದೆ. ಆಗ ಮೋಟರ್ ತನ್ನಷ್ಟಕ್ಕೆ ಬ್ರೇಕ್ ಹಿಡಿದಂತೆ ನಿಲ್ಲುತ್ತದೆ. ಇದಕ್ಕೆ ಓಮ್ನಿಯ ಸ್ವಿಚ್ಚನ್ನೇ ಹಾಕಬೇಕು. ಇನ್ನೊಂದು, ಓಮ್ನಿಯಲ್ಲಿ ಮೋಟರಿಗೆ ತಗಡಿನ ಬಾಡಿಯಿಂದಲೇ ಅರ್ತ್ ಸಿಗುತ್ತಿತ್ತು. ಇಲ್ಲಿ ಮೋಟರ್ ಕೂತಿರುವುದು ಫೈಬರ್ ಮೇಲೆ. ಬ್ಯಾಟರಿವರೆಗೆ ಬೇರೆ ಅರ್ತ್ ತಂತಿ ಎಳೆದ ಮೇಲೆ ಎಲ್ಲ ಸರಿಹೋಯಿತು.

ಆವತ್ತು ರಾತ್ರಿ ಉಸ್ತಾದ್‌ಗೆ ಇದನ್ನೆಲ್ಲ ಹೇಳಿದೆ. ಅವರು ಹಳೇ ವಿಲ್ಲೀಸ್ ಜೀಪಿನ ಕಾಲ ನೆನಪು ಮಾಡಿಕೊಂಡರು. ಅದರ ವೈಪರ್ ಓಡುತ್ತಿದ್ದುದು ಇಂಜಿನ್ ಗಾಳಿ ಎಳೆದುಕೊಳ್ಳುವ ಸೆಳೆತದಿಂದ. ಆಕ್ಸಿಲರೇಟರ್ ತುಳಿದರೆ ಆ ಸೆಳೆತ ಕಡಿಮೆಯಾಗುತ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವು ಹತ್ತುವಾಗ, ಮಳೆ ಹೊಯ್ಯುತ್ತಿರುವಾಗಲೇ ವೈಪರ್ ನಿಂತು ಹೋಗುತ್ತಿತ್ತಂತೆ. ಡ್ರೈವರ್ ಒಂದು ಕ್ಷಣ ಕಾಲು ಎತ್ತಿದರೆ ಎರಡು ಸಲ ಒರೆಸುತ್ತದೆ, ಅಷ್ಟರಲ್ಲಿ ದಾರಿ ನೋಡಿಕೊಂಡು ಮತ್ತೆ ತುಳಿಯುವುದು. ಹಾಗೆ ಗಾಡಿ ಓಡಿಸಿದವರು ನಮ್ಮ ಮಲೆನಾಡಿನಲ್ಲಿ ಎಷ್ಟು ಜನ!

ಆರಿದ್ರಾ ಮಳೆ ಹಿಡಿದ ಮೇಲೆ ಹುಡುಗ ಕರೆದ. ಹೋದೆ. ಅಂಗಳದಿಂದ ಕೆರೆ ದಂಡೆಯವರೆಗೆ ಪಕ್ಕದಲ್ಲಿ ಕೂತು ಹೋಗಿ ಬಂದೆ. ಎರಡೂ ಬ್ಲೇಡ್ ಚೊಕ್ಕವಾಗಿ ಒರೆಸುತ್ತಿದ್ದವು. ಎಡಗಡೆಯದು ವಾಪಸ್ ಬರುವಾಗ ಮಾತ್ರ ಕಟಕಟ ಅನ್ನುತ್ತಿತ್ತು. ಇಕ್ಕಳದಿಂದ ತೋಳನ್ನು ಒಂದು ಚೂರು ತಿರುವಿದೆ, ಬ್ಲೇಡಿನ ರಬ್ಬರ್ ಗಾಜಿಗೆ ನೇರ ನಿಂತಿತು, ಸದ್ದು ನಿಂತಿತು. ಅವನ ಅಪ್ಪ ಕೊಡೆ ಹಿಡಿದು ಜಗಲಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ‘ನೀರು ಒಳಗೆ ಬರ್ತದಾ ಮಾರಾಯ?’ ಅಂತ ಕೇಳಿದರು. ಸ್ಪಿಂಡಲ್ ತೂತಿನ ಅಡಿಗೆ ಕೈ ಹಾಕಿ ನೋಡಿದೆ. ಒಣಗಿಯೇ ಇತ್ತು.

ಹೋದ ವಾರ ಅವನ ಗೆಳೆಯ ಕೊಪ್ಪದಿಂದ ಫೋನ್ ಮಾಡಿದ್ದ. ಹಳೇ ಜೀಪಿನ ಚಾಸಿ ಮೇಲೆ ತೋಟದಲ್ಲಿ ಓಡಿಸಲು ಏನೋ ಕಟ್ಟುತ್ತಿದ್ದಾನೆ. ಗಾಜಿನ ರೇಟ್ ಎಷ್ಟಾಗುತ್ತದೆ ಅಣ್ಣಾ ಅಂತ ಕೇಳಿದ. ವೈಪರ್ ಮೋಟರ್ ತಂದಿದ್ದೀಯಾ ಅಂತ ಕೇಳಿದೆ. ಇಲ್ಲ, ಅದು ಕೊನೆಗೆ ಅಂದ. ‘ಮೊದಲು ಅದನ್ನು ತಾ. ಜೊತೆಗೆ ಒಂದು ಪ್ಲೈವುಡ್ ಹಾಳೆ ಮತ್ತೆ ಎರಡು ಮಾರು ದಾರ ತಾ. ಗಾಜಿನ ರೇಟ್ ಆಮೇಲೆ ಹೇಳ್ತೇನೆ’ ಅಂದೆ.