ಸಾಹಿತ್ಯ ನನ್ನದು, ದನಿ ಗಿಳಿಯದು

ಕೊಡೆ ಮೇಷ್ಟ್ರು ಹೋಗಿಬಿಟ್ಟರು ಅಂತ ಗಿಳಿ ಫೋನ್ ಮಾಡಿದಾಗ ನಾನು ಹಾಸನದ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಲೋಟ ಕೆಳಗಿಟ್ಟವನು ಮತ್ತೆ ನೋಡಿದಾಗ ಕೆನೆ ಕಟ್ಟಿತ್ತು. ಅವರ ಬಗ್ಗೆ ಅಲ್ಲದಿದ್ದರೂ ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಶಾಲೆಯವರು ಎರಡು ತಿಂಗಳಿಂದ ಕೇಳುತ್ತಿದ್ದರು, ನಾನು ಇವತ್ತು ನಾಳೆ ಅಂತ ತಳ್ಳುತ್ತಾ ಬಂದಿದ್ದೆ. ಇನ್ನು ತಳ್ಳೋಕಾಗಲ್ಲ.

ಗಿಳಿ ನನ್ನ ಕ್ಲಾಸಿನವನು. ಯಾರ ದನಿ ಬೇಕಾದರೂ ತೆಗೆಯುತ್ತಿದ್ದ, ಅದಕ್ಕೇ ಆ ಹೆಸರು. ಲೆಕ್ಕದ ಮೇಷ್ಟ್ರಿಗೆ ಕೊಡೆ ಅಂತ ಹೆಸರಿಟ್ಟವರು ನಮಗಿಂತ ಹಿಂದಿನ ಬ್ಯಾಚಿನವರು. ಮೂಡಿಗೆರೆ ಕಡೆಯ ಮಳೆ ಗೊತ್ತಲ್ಲ, ಜೂನಿನಲ್ಲಿ ಬಿಚ್ಚಿದ ಕೊಡೆ ಸೆಪ್ಟೆಂಬರ್‌ವರೆಗೆ ಮಡಿಸುವ ಹಾಗಿಲ್ಲ. ಆದರೆ ನಮ್ಮ ಮೇಷ್ಟ್ರು ಸುಡು ಬೇಸಿಗೆಯಲ್ಲೂ ಕೊಡೆ ಇಲ್ಲದೆ ಬಂದವರಲ್ಲ. ಹೊಡೆಯೋಕೆ ಅಲ್ಲ. ಅದೇ ಅವರ ಸ್ಕೇಲು, ಅದೇ ಕೈವಾರ. ಅದರ ಮೊನೆಯಲ್ಲಿ ಅಂಗಳದ ಕೆಸರಿನಲ್ಲಿ ಎಳೆದ ಗೆರೆ ಬೋರ್ಡಿನ ಮೇಲಿನ ಗೆರೆಗಿಂತ ನೆಟ್ಟಗಿರುತ್ತಿತ್ತು.

ಎಂಟನೇ ಕ್ಲಾಸಿನಲ್ಲಿ ಏನೇನು ಪಾಠ ಇತ್ತು ಅಂತ ಕೇಳಿದರೆ ಒಂದೂ ನೆನಪಿಲ್ಲ. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಮಾತ್ರ ನೆನಪಿದೆ. ಮಳೆ ಸ್ವಲ್ಪ ಹೊಳವಾದ ದಿನ ಎಲ್ಲರನ್ನೂ ಹೊರಗೆ ಕರೆದು, ಕೊಡೆಯಲ್ಲಿ ದೊಡ್ಡ ಚೌಕ ಎಳೆದರು. ಇದು ತೋಟ, ಹತ್ತು ಸಾಲು ಕಾಫಿ ಗಿಡ, ಸಾಲಿಗೆ ಹತ್ತು. ಈಗ ಸಾಹುಕಾರರಿಗೆ ಆಸೆ ಹುಟ್ಟಿ ಉದ್ದಕ್ಕೂ ಅಗಲಕ್ಕೂ ಎರಡೆರಡು ಸಾಲು ಜಾಸ್ತಿ ನೆಟ್ಟರು. ಒಟ್ಟು ಎಷ್ಟು? ನೂರಾ ನಾಲ್ಕು ಅಂತ ಅರ್ಧ ಕ್ಲಾಸು ಕೂಗಿತು. ಹತ್ತು ಹತ್ಲಿ ನೂರು, ಎರಡೆರಡ್ಲಿ ನಾಲ್ಕು, ಅಷ್ಟೇ ಅಲ್ವಾ? ಮೇಷ್ಟ್ರು ಏನೂ ಹೇಳಲಿಲ್ಲ. ನಾಲ್ಕು ಹುಡುಗರನ್ನು ಮೂಲೆಯಲ್ಲಿ ನಿಲ್ಲಿಸಿದರು. ಆಮೇಲೆ ಖಾಲಿ ಬಿದ್ದಿದ್ದ ಎರಡು ಪಟ್ಟಿಗಳನ್ನು ಕೊಡೆಯಲ್ಲಿ ತಟ್ಟುತ್ತಾ, "ಇಲ್ಲಿರೋ ಇಪ್ಪತ್ತು, ಅಲ್ಲಿರೋ ಇಪ್ಪತ್ತು ಗಿಡ ಯಾರ ಮನೆಗೆ ಹೋದವು ಸ್ವಾಮಿ?" ಅಂದರು. ನೂರಾ ನಲವತ್ತನಾಲ್ಕು. ಆ ನಲವತ್ತೇ ಸೂತ್ರದ ಟು ಎಬಿ, ಈ ಜನ್ಮದಲ್ಲಿ ಮರೆಯಲ್ಲ.

ಅಲ್ಲಿಗೂ ಬಿಡಲಿಲ್ಲ. ಅದನ್ನೇ ಪುಸ್ತಕದಲ್ಲಿ ಬಿಡಿಸಿ ಬಣ್ಣ ಹಚ್ಚಬೇಕು, ಆಮೇಲೆ ಕೋಲಾಟದ ಹೆಜ್ಜೆಗೆ ಸೂತ್ರ ಹೇಳಬೇಕು, ಆಮೇಲೆ ಪಕ್ಕದವನಿಗೆ ನಾವೇ ಪಾಠ ಮಾಡಬೇಕು. ನಾನು ಕ್ಲಾಸಿಗೆ ಮೊದಲಿಗ (ಹೇಳಿಕೊಳ್ಳಬಾರದು, ಆದರೂ ಏಳನೇ ಕ್ಲಾಸಿನ ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದಿದ್ದೆ). ನನಗೆ ಒಂದೇ ಸಲಕ್ಕೆ ಅರ್ಥವಾಗಿತ್ತು, ಈ ಕುಣಿತವೆಲ್ಲ ಯಾಕೆ ಅಂತ ಉರಿಯುತ್ತಿತ್ತು. ಕೋಲಾಟದಲ್ಲಿ ನನ್ನ ಹೆಜ್ಜೆ ತಪ್ಪಿದಾಗಲೆಲ್ಲ ಗಿಳಿ ನಗುತ್ತಿದ್ದ. ಅವನಿಗೆ ಬಿಡಿಸೋಕೆ ಬರುತ್ತಿರಲಿಲ್ಲ, ಅವನ ಚೌಕ ಯಾವತ್ತೂ ಹಲಸಿನ ಹಣ್ಣಿನ ಹಾಗೆ. ಆದರೂ ಅವನು ಬಿಡಿಸಲೇಬೇಕು, ನಾನು ಕುಣಿಯಲೇಬೇಕು.

ಇನ್ನು ಆ ಪ್ರಕರಣ. 1979ರ ಜುಲೈ. ಮಧ್ಯಾಹ್ನ ಕರೆಂಟಿಲ್ಲ, ಕ್ಲಾಸಿನೊಳಗೆ ಕತ್ತಲೆ, ಹೆಂಚಿನ ಮೇಲೆ ಮಳೆ ಒಂದೇ ಸಮ ಹೊಯ್ಯುತ್ತಿದೆ. ಆಗ ಕ್ಲಾಸು ಕ್ಲಾಸಿನ ನಡುವೆ ಗೋಡೆ ಇರಲಿಲ್ಲ, ಬಿದಿರಿನ ತಟ್ಟಿ. ಆ ತಟ್ಟಿಯ ಹಿಂದಿನಿಂದ ಹೆಡ್ಮಾಸ್ಟರ ದನಿ ಬಂತು. ಮೊದಲು ಎರಡು ಕೆಮ್ಮು, ಆಮೇಲೆ, "ಹೊಳೆ ಏರಿದೆ. ಆಚೆ ದಡದ ಮಕ್ಕಳನ್ನು ಮೊದಲು ಬಿಡಿ, ಉಳಿದವರನ್ನು ಆಮೇಲೆ ಬಿಡಿ." ಹೇಮಾವತಿ ಹುಟ್ಟೋದೇ ನಮ್ಮ ತಾಲ್ಲೂಕಿನಲ್ಲಿ, ಅವಳು ಏರಿದಳು ಅಂದರೆ ಯಾವ ಮೇಷ್ಟ್ರೂ ಎರಡು ಮಾತಾಡುವ ಹಾಗಿಲ್ಲ. ಹತ್ತು ನಿಮಿಷದಲ್ಲಿ ಶಾಲೆ ಖಾಲಿ. ನಿಜವಾದ ಹೆಡ್ಮಾಸ್ಟರು ನಶ್ಯ ಏರಿಸಿಕೊಂಡು ಆಫೀಸಿನಿಂದ ಹೊರಗೆ ಬಂದಾಗ ಜಗುಲಿಯಲ್ಲಿ ಒಂದು ನಾಯಿ ಮಾತ್ರ ಮಲಗಿತ್ತಂತೆ.

ಮಾರನೇ ದಿನ ಹುಡುಕುವ ಕಷ್ಟವೇ ಇರಲಿಲ್ಲ. ಊರಿಗೆಲ್ಲ ಆ ದನಿ ಇದ್ದದ್ದು ಒಬ್ಬನಿಗೇ. ಹೆಡ್ಮಾಸ್ಟರು ಬೆತ್ತ ತೆಗೆದರು, ನಾಲ್ಕು ಬಿತ್ತು. ಆಮೇಲೆ ಲೆಕ್ಕದ ಪೀರಿಯಡ್ಡಿಗೆ ಬಂದ ಕೊಡೆ ಮೇಷ್ಟ್ರು ಗಿಳಿಯನ್ನು ಎಬ್ಬಿಸಿ, "ಹತ್ತೊಂಬತ್ತರ ಮಗ್ಗಿ ಹೇಳು. ಹೆಡ್ಮಾಸ್ಟರ ದನಿಯಲ್ಲೇ ಹೇಳಬೇಕು" ಅಂದರು. ಹನ್ನೆರಡರ ಮಗ್ಗಿ ದಾಟದವನು ಎರಡು ಸಲ ಕೆಮ್ಮಿ ಶುರು ಮಾಡಿ ಹತ್ತೊಂಬತ್ತಾರ್ಲಿ ನೂರಾ ಹದಿನಾಲ್ಕರ ತನಕ ಸಲೀಸಾಗಿ ಹೋದ! ಏಳಕ್ಕೆ ನಿಂತ. "ಉಳಿದದ್ದು ನಾಳೆ" ಅಂದರು ಮೇಷ್ಟ್ರು. ಮಾರನೇ ದಿನ ಹತ್ತರವರೆಗೂ ಹೇಳಿದ.

ಆ ಮಾತನ್ನು ಬರೆದುಕೊಟ್ಟಿದ್ದು ಯಾರು ಅಂತ ಮಾತ್ರ ಮೇಷ್ಟ್ರು ಕೇಳಲೇ ಇಲ್ಲ. ಗಿಳಿಗೆ ದನಿ ಬರುತ್ತಿತ್ತು, "ಮೊದಲು ಬಿಡಿ, ಆಮೇಲೆ ಬಿಡಿ" ಅಂತ ಹೆಡ್ಮಾಸ್ಟರ ಲೆಕ್ಕಾಚಾರದಲ್ಲಿ ಮಾತು ಕಟ್ಟೋಕೆ ಬರುತ್ತಿರಲಿಲ್ಲ. ಅದು ನನ್ನ ಕೆಲಸ. ಬೆತ್ತ ಬೀಳುವಾಗ ನಾನು ಪುಸ್ತಕ ನೋಡುತ್ತಾ ಕೂತಿದ್ದೆ.

ಗಿಳಿ ಮುಂದೆ ದೊಡ್ಡ ಕಲಾವಿದ ಆದ ಅಂತ ಬರೆಯೋಕೆ ಆಸೆ. ಆಗಲಿಲ್ಲ. ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೇ ಸಲ ಪಾಸಾದ, ಈಗಲೂ ಜೀಪು ಓಡಿಸುತ್ತಾನೆ.

ನಾನು ಬಿ.ಎಡ್. ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಪಾಠ ಮಾಡಿದೆ. ನನ್ನ ಕ್ಲಾಸು ಕೇಳೋಕೆ ಬೇರೆ ಸೆಕ್ಷನ್ನಿನವರೂ ಬಂದು ನಿಲ್ಲುತ್ತಿದ್ದರು. ಜಾಸ್ತಿ ಹೆಸರು ತಂದುಕೊಟ್ಟ ಪಾಠ ಅಮೆರಿಕದ ಮನಶ್ಶಾಸ್ತ್ರಜ್ಞ ಹೋವರ್ಡ್ ಗಾರ್ಡ್‌ನರ್ ಅವರದು. ಬುದ್ಧಿ ಒಂದೇ ಅಲ್ಲ, ಮಾತಿನದು ಬೇರೆ, ಲೆಕ್ಕದ್ದು ಬೇರೆ, ಸಂಗೀತದ್ದು, ಮೈಕೈಯದು, ಆಕಾರ ಹಿಡಿಯೋದು, ಇನ್ನೊಬ್ಬರನ್ನು ಅರಿಯೋದು, ತನ್ನನ್ನು ಅರಿಯೋದು ಅಂತ 1983ರಲ್ಲಿ ಅವರು ಏಳು ಬಗೆ ಹೇಳಿದರು. ಗಿಡ ಪ್ರಾಣಿಗಳನ್ನು ಗುರುತಿಸುವ ಬುದ್ಧಿಯನ್ನು ಆಮೇಲೆ ಸೇರಿಸಿದರು. ಎಲ್ಲ ಮನಶ್ಶಾಸ್ತ್ರಜ್ಞರೂ ಒಪ್ಪಿಲ್ಲ. ಒಂದರಲ್ಲಿ ಚುರುಕಿರುವವರು ಸಾಮಾನ್ಯವಾಗಿ ಇನ್ನೊಂದರಲ್ಲೂ ಚುರುಕಾಗಿರುತ್ತಾರೆ ಅಂತ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ 1904ರಲ್ಲೇ ತೋರಿಸಿದ್ದರು, ಆ ಜಗಳ ಇನ್ನೂ ಮುಗಿದಿಲ್ಲ. ಪಾಠ ಮಾಡುವಾಗಲೆಲ್ಲ ನನಗೆ ಗಿಳಿ ನೆನಪಾಗುತ್ತಿದ್ದ, ಹೇಳುತ್ತಿರಲಿಲ್ಲ.

ಕಳೆದ ವರ್ಷ ಮಗಳ ಮಗನ ಶಾಲೆಗೆ ಹೋಗಿದ್ದೆ, ಹೆಸರು ಬೇಡ. ಮಗುವಿನ ಹತ್ತು ಬೆರಳಿನ ಅಚ್ಚು ತೆಗೆದುಕೊಂಡು, ಬುದ್ಧಿ ಯಾವ ಬಗೆಯದು ಅಂತ ಬಣ್ಣದ ಕಾರ್ಡು ಕೊಟ್ಟಿದ್ದರು, ಅದಕ್ಕೆ ದುಡ್ಡು ಬೇರೆ. ಬೆರಳಿನ ಗೆರೆಗೂ ಬುದ್ಧಿಗೂ ಇಂಥ ನಂಟಿದೆ ಅನ್ನೋದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಟೀಚರಮ್ಮ ನಗುತ್ತಲೇ ಹೇಳಿದರು, "ಅವನು ಓದೋದು ಸ್ವಲ್ಪ ಕಷ್ಟ ಸಾರ್, ಅವನು ಕೈನೆಸ್ಥೆಟಿಕ್." ಅಂದರೆ ಮೈಕೈ ಆಡಿಸಿಯೇ ಕಲಿಯುವವನು ಅಂತ. ನಮ್ಮ ಕಾಲದಲ್ಲಿ ದಡ್ಡ ಅಂತ ಹಿಂದಿನ ಬೆಂಚಿಗೆ ಕಳಿಸುತ್ತಿದ್ದರು. ಈಗ ಕಾರ್ಡು ಕೊಟ್ಟು ಕಳಿಸುತ್ತಾರೆ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ 1905ರಲ್ಲಿ ಬುದ್ಧಿ ಅಳೆಯುವ ಪರೀಕ್ಷೆ ಮಾಡಿದ್ದೇ ಯಾವ ಮಗುವಿಗೆ ಹೆಚ್ಚು ಸಹಾಯ ಬೇಕು ಅಂತ ತಿಳಿಯೋಕೆ, ಅದೂ ಕೊನೆಗೆ ಹಣೆಪಟ್ಟಿಯೇ ಆಯಿತು. ತಾನು ಹೇಳಿದ ಬುದ್ಧಿಯ ಬಗೆಗಳೂ, ಒಂದೊಂದು ಮಗು ಒಂದೊಂದು ರೀತಿಯಲ್ಲೇ ಕಲಿಯುತ್ತದೆ ಅನ್ನುವ ಕಲಿಕೆಯ ಶೈಲಿಯೂ ಒಂದಲ್ಲ ಅಂತ ಗಾರ್ಡ್‌ನರ್ ಅವರೇ ಬರೆದಿದ್ದಾರೆ. ಒಂದೇ ವಿಷಯವನ್ನು ಹಲವು ದಾರಿಯಲ್ಲಿ ಕಲಿಸಿ ಅನ್ನೋದು ಅವರ ಸಲಹೆ. ಕೊಡೆ ಮೇಷ್ಟ್ರು ಆ ಹೆಸರು ಕೇಳಿದವರಲ್ಲ, ಆದರೆ ನಮ್ಮಲ್ಲಿ ಯಾರು ಯಾವ ಬಗೆ ಅಂತ ವಿಂಗಡಿಸಲೇ ಇಲ್ಲ. ಎಲ್ಲರನ್ನೂ ಎಲ್ಲ ದಾರಿಯಲ್ಲೂ ನಡೆಸಿದರು.

ಮೇಷ್ಟ್ರ ತಿಥಿಗೆ ನಮ್ಮ ಬ್ಯಾಚಿನವರು ಒಂಬತ್ತು ಜನ ಸೇರಿದ್ದೆವು. ಊಟ ಆಗಿ ಜಗುಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಾಗ, ಮೇಷ್ಟ್ರ ದನಿ ಒಂದು ಸಲ ತೆಗೆಯೋ ಅಂತ ಯಾರೋ ಗಿಳಿಯನ್ನು ಕೇಳಿದರು. ಬೇಡ ಅಂದ. ಇನ್ನೊಬ್ಬರು ಕೇಳಿದರು. ಅವನು ಮೂಲೆಯಲ್ಲಿ ಒರಗಿಸಿದ್ದ ಕೊಡೆಯನ್ನು ಎತ್ತಿಕೊಂಡು ನನ್ನ ಕಡೆ ತಿರುಗಿಸಿದ. ಮೇಷ್ಟ್ರು ಹಾಜರಿ ಕೂಗುತ್ತಿದ್ದದ್ದು ನಂಬರಿನಲ್ಲೇ.

"ಹದಿನಾಲ್ಕು. ಹೊಳೆ ಏರಿದೆ ಅಂತ ಬರೆದವರು ಯಾರು ಸ್ವಾಮಿ?"

ಅದೇ ದನಿ. ಬಾಯಿತುಂಬ ಎಲೆ ಅಡಿಕೆ ಇತ್ತು, ಎದ್ದು ಹೋಗಿ ಉಗಿದು ಬಂದೆ.

"ನಾನೇ ಸಾರ್" ಅಂದೆ.